ಕಬ್ಬಿಣ ಬೆವರುವ ಊರು: ಕಣ್ಣೂರಿನ ಒಂದು ತುಕ್ಕಿನ ಪ್ರಕರಣ

ಇದು ಹತ್ತು ವರ್ಷಕ್ಕೂ ಹಿಂದಿನ ಮಾತು. ಆಗ ನಾನು ಸೇನೆಯಲ್ಲಿ ಹವಾಲ್ದಾರ್. ಈಗ ಪಿಂಚಣಿ ತಗೊಂಡು ಊರಲ್ಲಿ ಕಾಫಿ, ಮೆಣಸು ನೋಡಿಕೊಂಡು ಇದ್ದೇನೆ. ಹೊಸದಾಗಿ ಸೆಕ್ಷನ್ (ಸಣ್ಣ ತುಕಡಿ) ಕೈಗೆ ಬಂದ ಹುಡುಗರು ಆಗಾಗ ಫೋನ್ ಮಾಡಿ, ‘ಒಬ್ಬ ಒಳ್ಳೆ ಜವಾನ ಇದ್ದಕ್ಕಿದ್ದಂತೆ ಕೆಡ್ತಾ ಇದ್ದಾನೆ, ಏನ್ಮಾಡ್ಲಿ ಸಾರ್’ ಅಂತ ಕೇಳುತ್ತಾರೆ. ಪ್ರತಿ ಸಲ ಇದೇ ಕಥೆ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಪೂರ್ತಿ ಬರೆಯುತ್ತಿದ್ದೇನೆ.

ಹುಡುಗನನ್ನು ಬಸು ಅಂತ ಕರೆಯುತ್ತೇನೆ. ಅದು ಅವನ ಹೆಸರಲ್ಲ. ಘಟಕ ಯಾವುದು, ಅಧಿಕಾರಿ ಯಾರು, ಯಾವ ವರ್ಷ, ಇದ್ಯಾವುದನ್ನೂ ಹೇಳುವುದಿಲ್ಲ. ಊರಿನ ಹೆಸರನ್ನು ಮಾತ್ರ ಮುಚ್ಚಿಡಲು ಆಗುವುದಿಲ್ಲ, ಯಾಕೆಂದರೆ ಊರೇ ಅರ್ಧ ಕಥೆ. ಅದು ಕಣ್ಣೂರು.

ಹಿನ್ನೆಲೆ

ಬಸು ಬಯಲುಸೀಮೆಯವನು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ‘ಈ ಸಲ ಬೆಳೆ ಬಂತು’ ಅನ್ನುವ ಕಡೆ. 13 ವರ್ಷ ಸರ್ವಿಸ್ ಆಗಿತ್ತು, ನಾಯಕ್ ಆಗಿದ್ದ, ಅಂದರೆ ಹವಾಲ್ದಾರ್‌ಗಿಂತ ಒಂದು ಮೆಟ್ಟಿಲು ಕೆಳಗೆ. ನಮ್ಮ ಜೊತೆ ಲಡಾಖ್ ಕಡೆ ಎರಡು ವರ್ಷ ಎತ್ತರದ ಪೋಸ್ಟಿನಲ್ಲಿ ಇದ್ದು ಬಂದವನು. ಅಲ್ಲಿ ಅವನ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಕಂಪನಿಯಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು ಇದ್ದೆವು. ಹಾಗಾಗಿ ಡ್ಯೂಟಿಯಲ್ಲಿ ನಾನು ಅವನಿಗೆ ‘ಸಾಬ್’, ಡ್ಯೂಟಿ ಮುಗಿದ ಮೇಲೆ ‘ಸಾಹೇಬ್ರ’.

ಅಲ್ಲಿಂದ ಇಳಿದು ಪೀಸ್ ಸ್ಟೇಷನ್ (ಗಡಿಯಿಂದ ದೂರದ ಆರಾಮದ ಠಾಣೆ) ಅಂತ ನಮ್ಮನ್ನು ಕಣ್ಣೂರಿಗೆ ಕಳಿಸಿದಾಗ ಎಲ್ಲರಿಗೂ ಖುಷಿ. ಸಮುದ್ರ, ತೆಂಗು, ರೈಲ್ವೆ ಸ್ಟೇಷನ್ನಿಂದ ಮೂರು ಕಿಲೋಮೀಟರಿನಲ್ಲೇ ನಮ್ಮ ಲೈನ್ (ಬ್ಯಾರಕ್‌ಗಳ ಸಾಲು). ಕೇರಳದಲ್ಲಿ ಇರುವ ಒಂದೇ ಕಂಟೋನ್ಮೆಂಟ್ ಇದು. ಚಿಕ್ಕದು, ನೆರಳಿನದು. ರಸ್ತೆ ಮೇಲೆ ದೊಡ್ಡ ದೊಡ್ಡ ಮಳೆಮರ. ಬ್ರಿಟಿಷರು 1887ರವರೆಗೆ ಪಶ್ಚಿಮ ಕರಾವಳಿಯ ಸೇನೆಯ ಮುಖ್ಯ ಠಾಣೆಯನ್ನು ಇಲ್ಲೇ ಇಟ್ಟಿದ್ದರಂತೆ. ಅದಕ್ಕೂ ಮುಂಚೆ ಪೋರ್ಚುಗೀಸರು, ಡಚ್ಚರು, ಅರಕ್ಕಲ್ ಮನೆತನದವರು. ಅಂದರೆ ಐನೂರು ವರ್ಷದಿಂದ ಈ ಊರು ಸಿಪಾಯಿಗಳನ್ನು ನೋಡುತ್ತಲೇ ಇದೆ. ನಾವು ಬಂದೆವು ಅಂತ ಯಾರೂ ತಲೆ ಎತ್ತಿ ನೋಡಲಿಲ್ಲ. ಟೀ ಅಂಗಡಿಯವನು ‘ಯಾವ ರಾಜ್ಯ?’ ಅಂತ ಕೇಳಿ, ಉತ್ತರಕ್ಕೆ ಕಾಯದೆ ಹಾಲು ಎತ್ತಿ ಹೊಯ್ಯತೊಡಗಿದ.

ನಮ್ಮ ಬ್ಯಾರಕ್ ಹಳೆಯ ಕಾಲದ್ದು. ಮುರಕಲ್ಲಿನ ದಪ್ಪ ಗೋಡೆ, ಮೇಲೆ ಹೆಂಚು. ಒಂದು ದಿನ ಹೆಂಚು ಜಾರಿದ್ದನ್ನು ಸರಿಮಾಡಲು ಬಸು ಏಣಿ ಹತ್ತಿದ. ಹತ್ತಿದವನು ಒಂದು ಹೆಂಚು ತಿರುಗಿಸಿ ನೋಡಿ, ಮೇಲಿಂದಲೇ ಕೂಗಿದ. ‘ಸಾಹೇಬ್ರ, ಇದರ ಮ್ಯಾಲ ಮಂಗಳೂರು ಅಂತ ಬರದಾರ್ರಿ!’ ಇಂಗ್ಲಿಷ್ ಅಕ್ಷರದ ಅಚ್ಚು. ಬಯಲುಸೀಮೆಯವನಿಗೆ ಮಂಗಳೂರೂ ಹೊಸದೇ, ಆದರೂ ಅವತ್ತು ನೆಂಟರು ಸಿಕ್ಕಿದ ಹಾಗೆ ಮಾತಾಡಿದ.

ದಿನಚರಿ ಅಂತ ಹೇಳುವಂಥದ್ದು ಜಾಸ್ತಿ ಇರಲಿಲ್ಲ. ಬೆಳಿಗ್ಗೆ ಪಿಟಿ, ಆಮೇಲೆ ಪರೇಡ್, ಫಟೀಗ್ (ಗುಡಿಸುವ, ಹೊರುವ ಕೆಲಸ), ಸಂಜೆ ಗೇಮ್ಸ್, ರೋಲ್ ಕಾಲ್. ಮಧ್ಯೆ ಗಾರ್ಡ್ ಡ್ಯೂಟಿ: ಎರಡು ಗಂಟೆ ನಿಲ್ಲು, ನಾಲ್ಕು ಗಂಟೆ ಬಿಡುವು, ಮತ್ತೆ ಎರಡು ಗಂಟೆ ನಿಲ್ಲು. ಮೇಲಿನ ಪೋಸ್ಟಿನಲ್ಲಿ ಉಸಿರು ಎಳೆಯುವುದೇ ಒಂದು ಕೆಲಸವಾಗಿದ್ದವರಿಗೆ ಇಲ್ಲಿ ದಿನ ಮುಗಿಯುತ್ತಲೇ ಇರಲಿಲ್ಲ. ಕೇರಂ ಬೋರ್ಡಿನ ಪೌಡರ್ ಕೂಡ ಒದ್ದೆಯಾಗಿ ಕಾಯಿನ್ ಜಾರುತ್ತಿರಲಿಲ್ಲ. ಪೀಸ್ ಸ್ಟೇಷನ್ನಿನ ಬೇಜಾರನ್ನು ಅನುಭವಿಸಿದವರಿಗೇ ಗೊತ್ತು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ.

ನಾವು ಹೋದದ್ದು ಏಪ್ರಿಲ್ ಕೊನೆಗೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಹಿಡಿಯಿತು ಅಂದರೆ ಹಿಡಿಯಿತು. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಆಗಸ್ಟ್ ಒಳಗೇ ಸುರಿಯುತ್ತದೆ. ಒಗೆದ ಬನಿಯನ್ ನಾಲ್ಕು ದಿನವಾದರೂ ಒಣಗುವುದಿಲ್ಲ. ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಸ್ಟು. ಕರೀ ಟ್ರಂಕ್ ತೆಗೆದರೆ ಮುಗ್ಗಲು ವಾಸನೆ.

ಬಸುವಿನ ಅವ್ವ ಊರಿಂದ ಕಟಕ್ ರೊಟ್ಟಿ ಕಳಿಸಿದ್ದರು. ಅವರ ಕಡೆ ಆ ರೊಟ್ಟಿಯನ್ನು ಬುಟ್ಟಿಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಲಡಾಖಿನಲ್ಲೂ ಇತ್ತು, ಅಲ್ಲಿ ಮುರಿದರೆ ಪಟ್ ಅಂತ ಸದ್ದು ಬರುತ್ತಿತ್ತು. ಇಲ್ಲಿ ಎರಡನೇ ದಿನಕ್ಕೇ ಒದ್ದೆ ಚಪ್ಪಲಿಯ ಹಾಗೆ ಬಗ್ಗಿತು. ಬಸು ಅದನ್ನು ಎರಡು ಕೈಯಲ್ಲಿ ಹಿಡಿದು ಸುರುಳಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಮುರಿಯಲಿಲ್ಲ. ‘ಇಲ್ಲಿ ಗಾಳಿನೂ ಬೆವರತೈತ್ರಿ ಸಾಹೇಬ್ರ’ ಅಂದ. ನಾವೆಲ್ಲ ನಕ್ಕೆವು. ಆ ರೊಟ್ಟಿಯನ್ನು ಸರಿಯಾಗಿ ನೋಡಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಸಮಸ್ಯೆ

ಜುಲೈ ಮಧ್ಯದಲ್ಲಿ ಹತ್ಯಾರುಗಳ (ಆಯುಧಗಳ) ಇನ್ಸ್ಪೆಕ್ಷನ್. ಬಸುವಿನ ರೈಫಲ್ ಬಿಚ್ಚಿದರೆ ಒಳಗೆ ಹಿಂದೆ ಮುಂದೆ ಓಡುವ ಬೋಲ್ಟ್ ಕ್ಯಾರಿಯರ್ ಮೇಲೆ ಕಂದು ಚುಕ್ಕಿ. ಗುರಿ ನೋಡುವ ಮುಂದಿನ ಸೈಟಿನ ಬುಡದಲ್ಲಿ, ಸ್ಲಿಂಗ್ (ಹೆಗಲ ಪಟ್ಟಿ) ಸಿಕ್ಕಿಸುವ ಕೊಂಡಿಯಲ್ಲಿ ಪುಡಿ ಉದುರುವಷ್ಟು ತುಕ್ಕು. ಬೆರಳು ಒರೆಸಿದರೆ ಅರಿಶಿನ-ಕುಂಕುಮ ಕಲಸಿದ ಬಣ್ಣ.

ಸೇನೆಯಲ್ಲಿ ಇಲ್ಲದವರಿಗೆ ಇದು ಸಣ್ಣ ವಿಷಯ. ನಮಗೆ ಅಲ್ಲ. ಹದಿಮೂರು ವರ್ಷದ ನಾಯಕ್‌ನ ರೈಫಲ್‌ಗೆ ತುಕ್ಕು ಹಿಡಿಯಿತು ಅಂದರೆ ಅವನು ಸೋಮಾರಿಯಾದ ಅಂತ ಅರ್ಥ. ಎರಡನೆಯ ಅರ್ಥ ಇಲ್ಲ. ಅಥವಾ ಇಲ್ಲ ಅಂತ ಆಗ ನಾವು ಅಂದುಕೊಂಡಿದ್ದೆವು. ಅವನ ಜೊತೆ ಇನ್ನೂ ಕೆಲವು ರೈಫಲ್‌ಗಳಲ್ಲಿ ಚುಕ್ಕಿ ಸಿಕ್ಕಿತ್ತು, ಆದರೆ ಅವೆಲ್ಲ ಹೊಸ ಹುಡುಗರವು, ಬೈದು ಬಿಟ್ಟರು. ಬಸು ಎನ್‌ಸಿಒ, ಅಂದರೆ ಹುಡುಗರ ಮೇಲೆ ಜವಾಬ್ದಾರಿ ಇರುವವನು. ಪೇಶಿ ಆಯಿತು, ಅಂದರೆ ಅಧಿಕಾರಿಯ ಮುಂದೆ ವಿಚಾರಣೆ. ಸಿವಿಯರ್ ರೆಪ್ರಿಮಾಂಡ್ (ಕಠಿಣ ಛೀಮಾರಿ), ಕೆಂಪು ಇಂಕಿನ ಎಂಟ್ರಿ. ಅದು ಕಾಂಡಕ್ಟ್ ಶೀಟಿನಲ್ಲಿ (ನಡತೆಯ ದಾಖಲೆಯಲ್ಲಿ) ಕೂತರೆ ಮುಂದಿನ ಪ್ರಮೋಷನ್ನಿಗೆ ಅಡ್ಡ ಬರುತ್ತದೆ.

ಪೇಶಿಗೆ ಮುಂಚೆ ಅವನನ್ನು ಯಾರೂ ‘ರೈಫಲ್ ಹೇಗೆ ನೋಡ್ಕೊಂಡೆ’ ಅಂತ ಕೇಳಲಿಲ್ಲ. ‘ಯಾಕೆ ನೋಡ್ಕೊಳ್ಳಲಿಲ್ಲ’ ಅಂತ ಮಾತ್ರ ಕೇಳಿದೆವು. ನಾನೂ ಸೇರಿ. ಎರಡೂ ಬೇರೆ ಬೇರೆ ಪ್ರಶ್ನೆ. ಎರಡನೆಯದಕ್ಕೆ ಸಿಪಾಯಿ ಆದವನು ಕೊಡುವುದು ಒಂದೇ ಉತ್ತರ: ‘ಗಲತಿ ಹೋ ಗಯಾ ಸಾಬ್.’ ಅವನೂ ಅದನ್ನೇ ಹೇಳಿದ.

ಮೊದಲು ಮಾಡಿದ್ದು

ಆರ್ಡರ್ ಬಂತು: ಎಲ್ಲರೂ ಎಣ್ಣೆ ಜಾಸ್ತಿ ಹಚ್ಚಿ. ಬಸು ಎಷ್ಟು ಹಚ್ಚಿದ ಅಂದರೆ ಜಾತ್ರೆಗೆ ಹೊರಟ ಎಮ್ಮೆಯ ಹಾಗೆ ರೈಫಲ್ ಮಿರಿಮಿರಿ ಮಿಂಚುತ್ತಿತ್ತು. ಸಲಾಮಿ ಶಸ್ತ್ರ ಮಾಡಿದರೆ ಕೈ ಜಾರುವಷ್ಟು. ಎರಡು ವಾರ ಕಳೆದು ಮತ್ತೆ ಬಿಚ್ಚಿದಾಗ, ಎಣ್ಣೆ ಮೇಲೆ ಹಾಗೇ ಇದೆ, ಅದರ ಅಡಿಯಲ್ಲಿ ತುಕ್ಕು. ಮೊದಲಿಗಿಂತ ಜಾಸ್ತಿ.

ಇದು ಅವನನ್ನು ಇನ್ನೂ ಕೆಡಿಸಿತು. ಮೊದಲ ಸಲ ಸೋಮಾರಿ ಅಂದಿದ್ದೆವು, ಎರಡನೆಯ ಸಲ ಬೇಕಂತಲೇ ಮಾಡುತ್ತಿದ್ದಾನೆ ಅನ್ನುವ ಮಾತು ಬಂತು. ಸೇಡಿಗೆ ನೀರು ಹಾಕಿಟ್ಟಿದ್ದಾನೆ ಅಂತಲೂ ಒಬ್ಬ ಹೇಳಿದ. ಗಾರ್ಡ್ ಲಿಸ್ಟಿನಿಂದ ತೆಗೆದು ಲಂಗರಿನ (ಅಡುಗೆಮನೆಯ) ಉಸ್ತುವಾರಿಗೆ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು, ಸ್ವಲ್ಪ ಆರಾಮಾಗಿರಲಿ ಅಂತ. ಆದರೆ ಹತ್ಯಾರು ಕೈಯಿಂದ ಹೋಯಿತು, ಸೌಟು ಬಂತು ಅಂತ ಅವನಿಗೆ ಅನ್ನಿಸಿತು. ಊಟಕ್ಕೆ ಕೊನೆಗೆ ಬರುತ್ತಿದ್ದ, ಮಾತು ನಿಂತಿತು. ಕ್ಯಾಂಟೀನ್ ಕಡೆ ಅವನು ಹೋಗುವವನಲ್ಲ, ಆ ತಿಂಗಳು ಎರಡು ಸಲ ಹೋದ. ರಾತ್ರಿ ವರಾಂಡದಲ್ಲಿ ಮಳೆ ನೋಡುತ್ತ ಕೂತಿರುತ್ತಿದ್ದ. ನಾನು ಹತ್ತಿರ ಹೋದರೆ ಎದ್ದು ಅಟೆನ್ಷನ್ ನಿಲ್ಲುತ್ತಿದ್ದ. ರಾತ್ರಿ ಹನ್ನೊಂದಕ್ಕೆ, ಲುಂಗಿಯಲ್ಲಿ.

ಆಗಸ್ಟ್ ಮೊದಲ ವಾರ ಅರ್ಜಿ ಕೊಟ್ಟ. ಮನೆಯ ಕಾರಣ ಬರೆದು, ಡಿಸ್ಚಾರ್ಜ್ ಬೇಕು ಅಂತ. ಹದಿಮೂರು ವರ್ಷಕ್ಕೆ. ಪಿಂಚಣಿಗೆ 15 ವರ್ಷ ಬೇಕು. ಅಂದರೆ ಇನ್ನೆರಡು ವರ್ಷ ತಡೆದುಕೊಂಡರೆ ಜೀವನಪೂರ್ತಿ ಬರುವ ದುಡ್ಡನ್ನು, ಒಂದು ಬೆರಳಿನ ಕಂದು ಪುಡಿಗೋಸ್ಕರ ಬಿಟ್ಟು ಹೋಗಲು ರೆಡಿಯಾಗಿದ್ದ.

ಡ್ರಾಯರ್

ಈ ಪ್ರಕರಣದಲ್ಲಿ ನಾನು ಇನ್ನೂ ತಲೆ ಕೆಡಿಸಿಕೊಳ್ಳುವ ತೀರ್ಮಾನ ಇದು. ನಮ್ಮ ಸುಬೇದಾರ್ ಸಾಹೇಬರು ತಮಿಳುನಾಡಿನವರು, ನಿವೃತ್ತಿ ಹತ್ತಿರ ಬಂದಿತ್ತು. ಅರ್ಜಿ ಓದಿದರು. ಮೇಲೆ ಕಳಿಸಲಿಲ್ಲ. ಡ್ರಾಯರ್ ಎಳೆದು ಒಳಗೆ ಹಾಕಿ ಬೀಗ ಹಾಕಿದರು. ‘ಹತ್ತು ದಿನ. ಅಷ್ಟರಲ್ಲಿ ಕಾರಣ ಹುಡುಕು. ಸಿಗದಿದ್ದರೆ ಕಳಿಸ್ತೀನಿ’ ಅಂದರು ನನಗೆ.

ನಿಯಮ ನೋಡಿದರೆ ಇದು ತಪ್ಪು. ಜವಾನನ ಅರ್ಜಿಯನ್ನು ತಡೆಯುವ ಅಧಿಕಾರ ಅವರಿಗೆ ಇರಲಿಲ್ಲ. ಇದೇ ಡ್ರಾಯರ್ ಬೇರೆ ಕಡೆ ಎಷ್ಟೋ ಹುಡುಗರ ರಜೆ ಚೀಟಿಗಳನ್ನು ನುಂಗಿದ್ದನ್ನೂ ನಾನು ನೋಡಿದ್ದೇನೆ. ಹಾಗಾಗಿ ‘ನೀವೂ ಹೀಗೇ ಮಾಡಿ’ ಅಂತ ಯಾರಿಗೂ ಹೇಳುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ಇತ್ತು. ಅವರು ಬಸುವನ್ನು ಕರೆದು, ‘ನಿನ್ನ ಕಾಗದ ಇಲ್ಲಿದೆ, ಹತ್ತು ದಿನ ಇಲ್ಲೇ ಇರುತ್ತದೆ’ ಅಂತ ಮುಖಕ್ಕೆ ಹೇಳಿದರು. ಕದ್ದು ಇಟ್ಟುಕೊಳ್ಳಲಿಲ್ಲ.

ನಾನು ಮಾಡಿದ್ದು ಸುಲಭದ ಕೆಲಸ, ಆದರೆ ಒಂದು ತಿಂಗಳು ತಡವಾಗಿ. ಗಾರ್ಡ್ ರಿಜಿಸ್ಟರನ್ನೂ ಕೋತ್ (ಆಯುಧಕೋಣೆ) ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಯಾರ ರೈಫಲ್‌ಗೆ ಚುಕ್ಕಿ ಬಂತು, ಅವರು ಯಾವ ಪೋಸ್ಟಿನಲ್ಲಿ ನಿಂತಿದ್ದರು. ಅರ್ಧ ಗಂಟೆ ಸಾಕಾಯಿತು. ಒಂದನ್ನು ಬಿಟ್ಟರೆ ಎಲ್ಲರೂ ಸಮುದ್ರದ ಕಡೆಯ ಪೋಸ್ಟಿನವರು. ಅದರಲ್ಲೂ ರಾತ್ರಿ ಪಾಳಿಯವರು. ಬಸು ಆ ಪೋಸ್ಟಿಗೆ ತಾನಾಗಿ ಕೇಳಿಕೊಂಡು ಹೋಗುತ್ತಿದ್ದ. ಮಳೆ ಇಲ್ಲದ ರಾತ್ರಿ ಸಮುದ್ರ ಚೆನ್ನಾಗಿ ಕಾಣುತ್ತದೆ ಅಂತ!

ಆಮೇಲೆ ಅವನನ್ನು ಕೂರಿಸಿಕೊಂಡು, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ‘ಬಸು, ರೈಫಲನ್ನ ಹೇಗೆ ನೋಡ್ಕೊಳ್ತೀಯ? ಮೊದಲಿಂದ ಹೇಳು.’

ಹೇಳಿದ. ಕೇಳುತ್ತ ಕೇಳುತ್ತ ನನಗೆ ನಾಚಿಕೆಯಾಯಿತು. ಅವನು ಲಡಾಖಿನಲ್ಲಿ ನಾವೇ ಕಲಿಸಿದ್ದನ್ನು ಅಕ್ಷರ ಬಿಡದೆ ಮಾಡುತ್ತಿದ್ದ. ಸೊನ್ನೆಯ ಕೆಳಗಿನ ಚಳಿಯಲ್ಲಿ ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ, ಬೋಲ್ಟ್ ಹಿಂದೆ ಮುಂದೆ ಓಡುವುದಿಲ್ಲ. ಅದಕ್ಕೇ ಅಲ್ಲಿ ಚಿಂದಿಯಿಂದ ಎಣ್ಣೆಯನ್ನು ಪೂರ್ತಿ ಒರೆಸಿ ಒಣಗಿಸಿ ಇಡುತ್ತೇವೆ. ಇನ್ನೊಂದು ಪಾಠ: ತಣ್ಣಗಿನ ರೈಫಲನ್ನು ಬೆಚ್ಚಗಿನ ಬಂಕರ್ ಒಳಗೆ ತರಬೇಡ, ಲೋಹ ಬೆವರುತ್ತದೆ, ಹೊರಗೆ ಒಯ್ದರೆ ಆ ಬೆವರು ಮಂಜಾಗಿ ಕಚ್ಚಿಕೊಳ್ಳುತ್ತದೆ. ಹೊರಗೇ ಇಡು. ಬಸು ಇಲ್ಲಿಯೂ ಗಾರ್ಡ್ ರೂಮಿನ ಒಳಗಿನ ರ‍್ಯಾಕ್ ಬಿಟ್ಟು ಬಾಗಿಲ ಪಕ್ಕದ ರ‍್ಯಾಕಿನಲ್ಲಿ ಇಡುತ್ತಿದ್ದ. ನೇರ ಸಮುದ್ರದ ಗಾಳಿಗೆ. ನಾಲ್ಕು ಗಂಟೆ ಬಿಡುವಿನಲ್ಲಿ ಅವನು ಮಲಗಿದ್ದರೆ ರೈಫಲ್ ಉಪ್ಪು ಕುಡಿಯುತ್ತಿತ್ತು.

ಕಲಿಸಿದವರು ನಾವು, ಶಾಭಾಷ್ ಅಂದವರು ನಾವು, ಅದೇ ಕೈಗೆ ಕೆಂಪು ಇಂಕು ಹಾಕಿದವರೂ ನಾವು. ಇಲ್ಲಿಗೆ ಇಳಿದ ದಿನ ‘ಮೇಲಿನದು ಮರೀರಿ, ಇಲ್ಲಿ ಬೇರೆ’ ಅಂತ ಹೇಳುವವರು ಯಾರೂ ಇರಲಿಲ್ಲ. ನಮಗಿಂತ ಮುಂಚೆ ಇದ್ದವರಿಂದ ಚಾರ್ಜ್ ತಗೊಳ್ಳುವಾಗ ಚೇರು, ಮೇಜು, ಬಕೆಟ್ ಎಣಿಸಿ ಸಹಿ ಹಾಕಿದ್ದೆವು. ಮಳೆಗಾಲದಲ್ಲಿ ಏನು ಮಾಡ್ತೀರಿ ಅಂತ ಒಬ್ಬರೂ ಕೇಳಿರಲಿಲ್ಲ.

ಆದರೂ ಒಂದು ಗಂಟು ಬಿಚ್ಚಿರಲಿಲ್ಲ. ಎಣ್ಣೆ ಹಚ್ಚಿದ ಮೇಲೂ ಯಾಕೆ ಬಂತು?

ಕೋಟೆ, ಆಮೇಲೆ ಮಾಪಿಳ ಬೇ

ಆ ಭಾನುವಾರ ಔಟ್ ಪಾಸ್ ಮಾಡಿಸಿ ಅವನನ್ನು ಹೊರಗೆ ಕರೆದುಕೊಂಡು ಹೋದೆ. ಉದ್ದೇಶ ಏನೂ ಇರಲಿಲ್ಲ, ಸುಮ್ನೆ ಲೈನ್ ಬಿಟ್ಟು ಹೊರಗೆ ಹೋದರೆ ಸಾಕಿತ್ತು. ಮಳೆ ಬಿಟ್ಟಿತ್ತು. ಸೇಂಟ್ ಏಂಜೆಲೋ ಕೋಟೆಗೆ ಹೋದೆವು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಕಟ್ಟಿಸಿದ್ದು. ಕೆಂಪು ಮುರಕಲ್ಲು, ಮೂರು ಕಡೆ ಸಮುದ್ರ. ಒಳಗೆ ಒಂದು ಕಲ್ಲಿದೆ. ಡಚ್ ಕಮಾಂಡರ್ ಒಬ್ಬನ ಹೆಂಡತಿ ಸುಸಾನಾ ವೇಯರ್‌ಮನ್ ಸಮಾಧಿಯದು. ತೀರಿಕೊಂಡದ್ದು 1745ರಲ್ಲಿ, ವಯಸ್ಸು ಬರೀ 17. ಬಸು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತ. ಅವನ ಹೆಂಡತಿ ಊರಲ್ಲಿದ್ದಳು, ಕ್ವಾರ್ಟರ್ಸ್ ವೇಟಿಂಗ್ ಲಿಸ್ಟಿನಲ್ಲಿ ಅವನ ಹೆಸರು ಇನ್ನೂ ಕೆಳಗಿತ್ತು. ‘ಇಷ್ಟ್ ಸಣ್ಣಾಕಿನ ಇಲ್ಲಿಗ್ಯಾಕ ಕರ್ಕೊಂಡು ಬಂದಿದ್ನೋ’ ಅಂದ. ತಿಂಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು.

1507ರ ಮುತ್ತಿಗೆಯ ಕಥೆಯನ್ನು ಅಲ್ಲೇ ಹೇಳಿದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಇಲ್ಲಿನ ರಾಜ ಕೋಲತ್ತಿರಿಯ ಜನ ಹೊರಗಿಂದ ಕೋಟೆ ಮುತ್ತಿದ್ದರು. ಒಳಗಿದ್ದ ಪೋರ್ಚುಗೀಸರಿಗೆ ತಿನ್ನಲು ಏನೂ ಉಳಿದಿರಲಿಲ್ಲ. ಮಳೆಗಾಲವಾದ್ದರಿಂದ ಹಡಗೂ ಬರುವಂತಿಲ್ಲ. ಆಗಸ್ಟ್ 15ಕ್ಕೆ ಅಲೆಯೊಂದು ಸಿಗಡಿಯಂಥ ದೊಡ್ಡ ದೊಡ್ಡ ಜೀವಿಗಳನ್ನು ರಾಶಿ ರಾಶಿ ದಡಕ್ಕೆ ಎಸೆಯಿತಂತೆ, ಅದನ್ನು ತಿಂದು ಬದುಕಿದರಂತೆ. ಆ ತಿಂಗಳ ಕೊನೆಗೆ ಹಡಗು ಬಂತು. ಬಸುವಿನ ತಲೆ ಮಾತ್ರ ಬೇರೆ ಕಡೆ ಓಡಿತು. ‘ನಾಕ್ ತಿಂಗಳು ಇದs ಮಳಿಯೊಳಗ? ಅವರ ಹತ್ಯಾರ ಏನಾಗಿದ್ದಾವ್ರಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಅಲ್ಲಿಂದ ಹೊರಟ ಮೇಲೆ, 2015ರ ಕೊನೆಯಲ್ಲಿ, ಇದೇ ಕೋಟೆಯ ನೆಲ ಅಗೆದಾಗ ಸಾವಿರಾರು ಕಬ್ಬಿಣದ ಫಿರಂಗಿ ಗುಂಡುಗಳು ಸಿಕ್ಕಿದವು. ಪೇಪರಿನಲ್ಲಿ ಫೋಟೋ ನೋಡಿದಾಗ ನನಗೆ ಬಸುವಿನ ಆ ಪ್ರಶ್ನೆಯೇ ನೆನಪಾದದ್ದು.

ಕೋಟೆಯ ಪಕ್ಕದಲ್ಲೇ ಮಾಪಿಳ ಬೇ, ಮೀನುಗಾರಿಕೆ ಬಂದರು. ಟೀ ಕುಡಿಯಲು ಆ ಕಡೆ ಇಳಿದೆವು. ಒಂದು ದೋಣಿ ಆಗ ತಾನೇ ಬಂದಿತ್ತು. ಮೀನು ಇಳಿಸಿ ಆದಮೇಲೆ ಇಬ್ಬರು ದೋಣಿಯ ಹಿಂದಿನ ಮೋಟಾರನ್ನು ಬಿಚ್ಚಿ ಹೊತ್ತು ತಂದರು. ಅದರ ಕೆಳಭಾಗವನ್ನು ಸಿಹಿನೀರಿನ ಡ್ರಮ್ಮಿನೊಳಗೆ ಇಳಿಸಿ, ಅಲ್ಲೇ ಚಾಲೂ ಮಾಡಿ ಓಡಿಸಿದರು. ಐದು ನಿಮಿಷ. ಆಮೇಲೆ ಮೇಲ್ಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು, ಒಣ ಬಟ್ಟೆಯಲ್ಲಿ ಒರೆಸಿದರು. ಕೊನೆಗೆ ಎಣ್ಣೆ.

ಬಸು ಟೀ ಗ್ಲಾಸ್ ಹಿಡಿದು ಹಾಗೇ ನಿಂತ. ‘ಸಾಹೇಬ್ರ, ಅವರು ನೀರ ಯಾಕ ಹಾಕ್ಯಾರ್ರಿ?’

ನನ್ನ ಅರೆಬರೆ ಮಲಯಾಳದಲ್ಲಿ ಕೇಳಿದೆ. ಮೋಟಾರ್ ಒರೆಸುತ್ತಿದ್ದವನು, ಇವರಿಗೆ ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ ನೋಡಿದ. ಉಪ್ಪು ತೆಗೆಯದೆ ಎಣ್ಣೆ ಹಾಕಿದರೆ ಎಣ್ಣೆ ಕೆಳಗೆ ಉಪ್ಪು ಕೂತು ತಿನ್ನುತ್ತದೆ ಅಂದ. ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಗಾಳಿಯ ತೇವವನ್ನು ಎಳೆದುಕೊಂಡು ಅಲ್ಲೇ ಕೂರುತ್ತದೆ.

ಬಸು ಗ್ಲಾಸ್ ಇಟ್ಟು, ‘ಹೋಗೂಣ್ರಿ’ ಅಂದ. ಟೀ ಅರ್ಧ ಹಾಗೇ ಉಳಿಯಿತು. ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದ.

ನೀರಿನ ಜಗಳ

ಕೋತ್ ಎನ್‌ಸಿಒ ಒಪ್ಪಲಿಲ್ಲ. ಅವನ ತಪ್ಪಲ್ಲ. ರೈಫಲ್‌ಗೆ ನೀರು ತಾಗಿಸಬಾರದು ಅಂತ ಟ್ರೇನಿಂಗ್ ಸೆಂಟರಿನ ಮೊದಲ ವಾರದಿಂದ ಕಲಿಯುತ್ತೇವೆ. ‘ಒಂದು ಎಂಟ್ರಿ ಸಾಲಲಿಲ್ವಾ, ಇನ್ನೊಂದು ಬೇಕಾ?’ ಅಂತ ಬಸುವಿಗೇ ಗದರಿದ. ಅವತ್ತು ಬಿಟ್ಟುಬಿಡೋಣ ಅಂತ ನನಗೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಇದು ಕೈಕೊಟ್ಟರೆ ಮುಂದಿನ ಪೇಶಿ ನನ್ನದೇ.

ಸುಬೇದಾರ್ ಸಾಹೇಬರು ಕೇಳಿ ನಕ್ಕರು. .303 ರೈಫಲ್ ಕಾಲದಲ್ಲಿ ಫೈರಿಂಗ್ ಆದ ಮೇಲೆ ನಳಿಗೆಗೆ ಕುದಿಯುವ ನೀರು ಸುರಿಯುತ್ತಿದ್ದರು, ಅವರ ಉಸ್ತಾದರು ಹೇಳಿದ್ದರಂತೆ. ಆಗಿನ ಗುಂಡಿನ ಕ್ಯಾಪಿನಲ್ಲಿ ಇದ್ದ ಮದ್ದು ಸುಟ್ಟ ಮೇಲೆ ನಳಿಗೆಯಲ್ಲಿ ಉಪ್ಪು ಬಿಡುತ್ತಿತ್ತು. ಎಣ್ಣೆಯಿಂದ ಅದು ಹೋಗುತ್ತಿರಲಿಲ್ಲ, ನೀರೇ ಬೇಕಿತ್ತು. ಮದ್ದು ಬದಲಾಯಿತು, ನೀರು ಸುರಿಯುವುದನ್ನು ನಿಲ್ಲಿಸಿದರು, ಯಾಕೆ ಸುರಿಯುತ್ತಿದ್ದರು ಅನ್ನುವುದೂ ಮರೆತುಹೋಯಿತು.

ಅವರು ಒಂದು ಒಳ್ಳೆ ಕೆಲಸ ಮಾಡಿದರು. ವಾದ ಮಾಡಲಿಲ್ಲ, ಕಂಪನಿ ಕಮಾಂಡರ್ ಹತ್ತಿರ ಹೋಗಿ ಎರಡು ರೈಫಲ್‌ಗೆ ಅನುಮತಿ ತಂದರು. ಎರಡೂ ಸಮುದ್ರದ ಪೋಸ್ಟಿಗೆ, ರಾತ್ರಿ ಪಾಳಿಗೆ. ಒಂದಕ್ಕೆ ಬರೀ ಎಣ್ಣೆ, ಧಾರಾಳವಾಗಿ. ಇನ್ನೊಂದಕ್ಕೆ ಡ್ಯೂಟಿ ಇಳಿದ ತಕ್ಷಣ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸುವುದು, ಆಮೇಲೆ ಒಣ ಚಿಂದಿ, ನಳಿಗೆಯೊಳಗೆ ಪುಲ್‌ಥ್ರೂ (ಚಿಂದಿ ಕಟ್ಟಿ ಎಳೆಯುವ ಹಗ್ಗ), ಲಂಗರಿನ ಒಲೆಯಿಂದ ದೂರದ ಬೆಚ್ಚಗಿನ ಜಾಗದಲ್ಲಿ ಸ್ವಲ್ಪ ಹೊತ್ತು, ಕೊನೆಗೆ ತೆಳ್ಳಗೆ ಎಣ್ಣೆ. ಸ್ಲಿಂಗ್ ಬಿಚ್ಚಿ ಅದನ್ನೂ ನೀರಲ್ಲಿ ಅದ್ದಿ ಒಣಗಿಸುವುದು. ಸ್ಲಿಂಗ್ ಯಾರ ತಲೆಗೂ ಹೊಳೆದಿರಲಿಲ್ಲ, ಬಸು ಹೇಳಿದ್ದು. ಹತ್ತಿಯ ಪಟ್ಟಿ ಬೆವರನ್ನೂ ಉಪ್ಪನ್ನೂ ಕುಡಿದು ಕೊಂಡಿಗೆ ಅಂಟಿಕೊಂಡೇ ಇರುತ್ತದೆ, ಅದಕ್ಕೇ ಅಲ್ಲಿ ಮೊದಲು ತುಕ್ಕು.

ಹತ್ತು ದಿನದ ಮೇಲೆ ಎರಡನ್ನೂ ಮೇಜಿನ ಮೇಲೆ ಬಿಚ್ಚಿದರು. ಬರೀ ಎಣ್ಣೆಯದಕ್ಕೆ ಕೊಂಡಿಯಲ್ಲಿ, ಸೈಟಿನ ಬುಡದಲ್ಲಿ ಚುಕ್ಕಿ ಬಂದಿತ್ತು. ಬಸು ನೋಡಿಕೊಂಡದ್ದಕ್ಕೆ ಇಲ್ಲ. ಕೋತ್ ಎನ್‌ಸಿಒ ಬಿಳಿ ಬಟ್ಟೆ ತಗೊಂಡು ಒರೆಸಿದ. ಬಟ್ಟೆ ತಿರುಗಿಸಿ ನೋಡಿದ. ಇನ್ನೊಂದು ಸಲ ಒರೆಸಿದ. ಏನೂ ಮಾತಾಡದೆ ಬಟ್ಟೆಯನ್ನು ಬಸುವಿನ ಕೈಗೆ ಕೊಟ್ಟ.

ಸುಬೇದಾರ್ ಸಾಹೇಬರು ಡ್ರಾಯರ್ ತೆಗೆದು ಅರ್ಜಿಯನ್ನು ಮೇಜಿನ ಮೇಲೆ ಇಟ್ಟರು. ‘ಕಳಿಸ್ಲಾ?’ ಬಸು ಅದನ್ನು ತಗೊಂಡು ಮಡಚಿ ಜೇಬಿಗೆ ಹಾಕಿದ. ಹರಿಯಲಿಲ್ಲ. ಬಹಳ ದಿನ ಆ ಕಾಗದ ಅವನ ಟ್ರಂಕಿನಲ್ಲಿ ಇತ್ತು.

ಆದದ್ದು, ಆಗದ್ದು

ಒದ್ದೆ ಬಟ್ಟೆಯ ಪದ್ಧತಿ ಸಮುದ್ರದ ಪೋಸ್ಟಿಗೆ ಕಡ್ಡಾಯವಾಯಿತು. ಬಾಗಿಲ ಪಕ್ಕದ ರ‍್ಯಾಕ್ ಕಿತ್ತು ಒಳಗೋಡೆಗೆ ಹಾಕಿದರು. ಗಾರ್ಡ್ ರೂಮಿನಲ್ಲಿ ಸಿಹಿನೀರಿನ ಬಕೆಟ್ ಇಟ್ಟು, ಮೇಲೆ ‘ಕುಡಿಯಲು ಅಲ್ಲ’ ಅಂತ ಹಿಂದಿಯಲ್ಲಿ ಬರೆದರು. ಯಾಕೆಂದರೆ ಮೊದಲ ದಿನ ಒಬ್ಬ ಕುಡಿದಿದ್ದ. ತುಕ್ಕು ಪೂರ್ತಿ ನಿಂತಿತು ಅಂತ ಹೇಳುವುದಿಲ್ಲ, ಆ ಊರಲ್ಲಿ ಅದು ಆಗುವ ಮಾತಲ್ಲ. ಆದರೆ ಆಮೇಲೆ ಯಾರಿಗೂ ಅದಕ್ಕಾಗಿ ಪೇಶಿ ಆಗಲಿಲ್ಲ. ಬಸುವನ್ನು ಲಂಗರಿನಿಂದ ಬಿಡಿಸಿ ಗಾರ್ಡ್ ಕಮಾಂಡರ್ ಮಾಡಿದರು. ನವೆಂಬರಿನಲ್ಲಿ ಕ್ವಾರ್ಟರ್ಸ್ ಸಿಕ್ಕಿತು, ಹೆಂಡತಿ ಮಗು ಬಂದರು. ಮಳೆ ಹೋದ ಮೇಲೆ ಕಣ್ಣೂರಿನಷ್ಟು ಚೆಂದದ ಊರಿಲ್ಲ. ಪಯ್ಯಾಂಬಲಂ ಬೀಚಿನಲ್ಲಿ ಸಂಜೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದ, ತೆಯ್ಯಂ (ನಮ್ಮ ಭೂತಕೋಲದಂಥದ್ದು) ನೋಡಲು ರಾತ್ರಿಯಿಡೀ ಕಾವುಗಳಿಗೆ, ಅಂದರೆ ದೇವರ ಬನಗಳಿಗೆ, ಹೋಗುತ್ತಿದ್ದ.

ಕೆಂಪು ಇಂಕು ಮಾತ್ರ ಹೋಗಲಿಲ್ಲ. ಬರೆದದ್ದನ್ನು ಅಳಿಸುವುದು ಬರೆದಷ್ಟು ಸುಲಭ ಅಲ್ಲ. ಮುಂದಿನ ಹವಾಲ್ದಾರ್ ಪ್ರಮೋಷನ್ನಿನಲ್ಲಿ ಅವನ ಹೆಸರು ಬರಲಿಲ್ಲ, ಅವನಿಗಿಂತ ಕಿರಿಯನೊಬ್ಬನಿಗೆ ಸಿಕ್ಕಿತು. ಕಾರಣ ಗೊತ್ತಾದ ಮೇಲೆ ಎಂಟ್ರಿ ತೆಗೆಸಲು ನಾವು ಮೇಲಕ್ಕೆ ಬರೆದಿದ್ದೆವಾ? ಸುಬೇದಾರ್ ಸಾಹೇಬರು ಬಾಯಿಮಾತಲ್ಲಿ ಹೇಳಿದರು. ಕಾಗದದಲ್ಲಿ ಯಾರೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ರೈಫಲ್ ಸರಿಹೋಯಿತು, ಹುಡುಗ ನಗುತ್ತಿದ್ದಾನೆ, ಇನ್ನೇನು ಅಂತ ಅಂದುಕೊಂಡೆವು. ಈ ಪ್ರಕರಣದಲ್ಲಿ ಎಲ್ಲರೂ ಒದ್ದೆ ಬಟ್ಟೆಯ ಭಾಗವನ್ನೇ ನೆನಪಿಟ್ಟುಕೊಳ್ಳುತ್ತಾರೆ. ನನ್ನನ್ನು ಕೇಳುವ ಹುಡುಗರಿಗೆ ನಾನು ಈ ಭಾಗವನ್ನೇ ಎರಡು ಸಲ ಹೇಳುತ್ತೇನೆ. ಪೇಶಿಗೆ ಮುಂಚೆ ಎರಡು ರಿಜಿಸ್ಟರ್ ಪಕ್ಕಪಕ್ಕ ಇಟ್ಟು ನೋಡಲು ಅರ್ಧ ಗಂಟೆ ಸಾಕಿತ್ತು. ಅವತ್ತು ಆ ಅರ್ಧ ಗಂಟೆ ನಾನು ಒದ್ದೆ ಪೌಡರಿನ ಕೇರಂ ಬೋರ್ಡಿನ ಮುಂದೆ ಕೂತಿದ್ದೆ.

ಮುಂದಿನ ವರ್ಷಗಳಲ್ಲಿ ಘಟಕ ರಾಜಸ್ಥಾನದ ಮರಳುಗಾಡಿಗೆ ಹೋಯಿತು. ನಾನು ಅಷ್ಟರಲ್ಲಿ ಪಿಂಚಣಿಗೆ ಬಂದಿದ್ದೆ. ಅಲ್ಲಿಗೆ ಇಳಿದ ಮೂರನೇ ದಿನ ಬಸುವಿನಿಂದ ಮೆಸೇಜ್ ಬಂತು. ‘ಸಾಹೇಬ್ರ, ಮೊದಲ ಇದ್ದವರನ್ನ ಕೇಳೇನ್ರಿ. ಇಲ್ಲಿ ಎಣ್ಣಿ ಹಚ್ಚಿದ್ರ ಉಸುಕು ಹಿಡಿತೈತಂತ. ಒಣಾ ಇಡಬೇಕಂತ.’ ಅದರ ಹಿಂದೆಯೇ ಒಂದು ಸಣ್ಣ ವಿಡಿಯೋ. ಅವ್ವ ಕಳಿಸಿದ ಕಟಕ್ ರೊಟ್ಟಿ, ಎರಡು ಕೈ, ಪಟ್ ಅಂತ ಸದ್ದು.